ಹೆಬ್ಬೆರಳಿಗೆ ಹೊಂದಿಸಿದ ಬೇಸ್ ಗಿಟಾರು

ಅವರು ಗಿಟಾರಿನ ಚೀಲವನ್ನು ಕೌಂಟರಿನ ಮೇಲೆ ಮಲಗಿಸಿದರು. ಅದನ್ನು ಬಿಚ್ಚುವ ಮೊದಲು ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೇ ಮುಗಿದಿದ್ದವು. ಗಾಯ ಮಾಗಿತ್ತು, ಆದರೆ ಚರ್ಮ ಇನ್ನೂ ಕೆಂಪಗಿತ್ತು.

“ಮೊದಲ ಇದನ್ನ ನೋಡ್ರಿ, ಆಮ್ಯಾಲ ಅದನ್ನ ನೋಡ್ರಿ. ಎರಡೂ ಸೇರಿ ರಿಪೇರಿ ಆಗಬೇಕ್ರಿ” ಎಂದರು.

ಎಂಬತ್ತರ ದಶಕದ ನಡುವಿನ ಮಾತಿದು. ಕುಂದಗೋಳದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಷ್ಟೊತ್ತಿಗೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು, ಬೆಸುಗೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ನಾನು ಬಿಚ್ಚುವುದು, ಬೆಸೆಯುವುದು; ಅಪ್ಪ ಬಾಜೂಕಿನ ಕುರ್ಚಿಯಲ್ಲಿ ಕೂತು ಕೇಳುವುದು. ಹೆಣ್ಣುಮಗಳೊಬ್ಬಳು ರೇಡಿಯೋ ಬಿಚ್ಚುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರು. ಆಮೇಲೆ ಅವರಿಗೂ ಬೇಸರ ಬಂತು.

ಬಂದವರು ಅಣ್ಣಿಗೇರಿಯವರು. ಹಗಲು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ, ಮದುವೆಯ ದಿನಗಳಲ್ಲಿ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು. ಹಿಂದಿನ ಬೇಸಿಗೆಯಲ್ಲಿ ಅಲ್ಲಿನ ಯಂತ್ರದ ಪಟ್ಟಾ ಅವರ ಬೆರಳುಗಳನ್ನು ಎಳೆದುಕೊಂಡಿತ್ತು. ಬೇಸ್ ಗಿಟಾರಿಗೆ ನಾಲ್ಕೇ ತಂತಿ, ನಾಲ್ಕೂ ದಪ್ಪ. ಬಲಗೈಯ ಆ ಎರಡು ಬೆರಳುಗಳಿಂದಲೇ ಅವನ್ನು ಜಗ್ಗಿ ಮೀಟುವುದು ಅವರ ರೂಢಿ. ಬೆರಳು ಹೋದ ಮೇಲೆ ಮನೆಯಲ್ಲಿ ಕೂತು ಹೆಬ್ಬೆರಳಿನಿಂದ ಮೀಟುವುದನ್ನು ಕಲಿತಿದ್ದರು. ಸ್ವರ ತಪ್ಪುತ್ತಿರಲಿಲ್ಲ, ತಾಳ ತಪ್ಪುತ್ತಿರಲಿಲ್ಲ. ಹೆಬ್ಬೆರಳಿಗೆ ಆ ಕಸುವು ಇರಲಿಲ್ಲ, ಅಷ್ಟೇ. ಹಾಡಿನ ತಳದಲ್ಲಿ ಇರಬೇಕಾದ ದನಿ ಸ್ಟೇಜಿನಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ.

ಇದರ ನಡುವೆ ಆರ್ಕೆಸ್ಟ್ರಾದ ಮಾಲೀಕರು ಬೊಂಬಾಯಿಯಿಂದ ಕೀಬೋರ್ಡ್ ತರಿಸಿದ್ದರು. ಎಡಗೈಯಿಂದ ಒತ್ತಿದರೆ ಅದರಲ್ಲೇ ಬೇಸ್ ಬರುತ್ತಿತ್ತು.

“ಮಾಲೀಕರು ಕೆಟ್ಟವರಲ್ರಿ. ನವಲಗುಂದದಾಗ ಒಂದು ಲಗ್ನ ಐತಿ, ಅಲ್ಲೀತನಾ ನೋಡೂಣು ಅಂದಾರ. ಆಮ್ಯಾಲ ನನ್ನ ಜಾಗಾದಾಗ ಆ ಪೆಟ್ಟಿಗಿ ನಿಂದರ್ತೈತಿ.”

“ಹುಬ್ಬಳ್ಯಾಗ ಯಾರಿಗೂ ತೋರಿಸಲಿಲ್ಲೇನ್ರಿ?” ಎಂದು ಕೇಳಿದೆ.

“ತೋರಿಸೀನ್ರಿ. ಹೊಸಾದು ತೊಗೊ ಅಂದ್ರು. ಹೊಸಾದು ತೊಗೊಂಡ್ರೂ ಬೆರಳು ಇವ ಅಲ್ರಿ?”

ಯಾವುದೋ ಕಾಲದಲ್ಲಿ ಆ ಆರ್ಕೆಸ್ಟ್ರಾದ ಆಂಪ್ಲಿಫೈಯರು ಕೆಟ್ಟಾಗ ಅಪ್ಪ ರಿಪೇರಿ ಮಾಡಿಕೊಟ್ಟಿದ್ದನಂತೆ. ಅದೊಂದು ನೆನಪಿನ ಮೇಲೆ, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಕುಂದಗೋಳಕ್ಕೆ ಬಂದಿದ್ದರು.

ಗಿಟಾರು ಕಲ್ಕತ್ತೆಯದು, ಬಣ್ಣ ಅಲ್ಲಲ್ಲಿ ಎದ್ದಿತ್ತು. ತಂತಿಗಳ ಒಂದು ತುದಿಯನ್ನು ಹೊತ್ತು ನಿಲ್ಲುವ ಕುದುರೆಯ ಪಕ್ಕದಲ್ಲೇ ಅದರ ಪಿಕಪ್ ಕೂತಿತ್ತು. ಪಿಕಪ್ ಎಂದರೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ. ಮೇಲೆ ಕಬ್ಬಿಣದ ತಂತಿ ಅಲುಗಾಡಿದರೆ ಸುರುಳಿಯಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಅದೇ ಆಂಪ್ಲಿಫೈಯರಿಗೆ ಹೋಗಿ ದನಿಯಾಗುತ್ತದೆ. ಅಂಗಡಿಯ ಆಂಪ್ಲಿಫೈಯರಿಗೆ ಹಚ್ಚಿ ನುಡಿಸಲು ಹೇಳಿದೆ. ಗೋಡೆಯಾಚೆ ಯಾರೋ ಜೋಳದ ಚೀಲ ಇಳಿಸಿದಂತೆ ಕೇಳಿಸಿತು. ವಾಲ್ಯೂಮು ಏರಿಸಿದರೆ ಚೀಲದ ಸಪ್ಪಳಕ್ಕಿಂತ ಮುಂಚೆ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಎದ್ದು ಬಂತು.

ನನಗೆ ಕೆಲಸ ಸುಲಭ ಅನ್ನಿಸಿತು. ದನಿ ಸಣ್ಣದಿದೆ, ದೊಡ್ಡದು ಮಾಡಬೇಕು. ರೇಡಿಯೋದವರಿಗೆ ಇದು ದಿನದ ಪಾಠ. ಒಂದು ಟ್ರಾನ್ಸಿಸ್ಟರು, ನಾಲ್ಕಾರು ರೆಸಿಸ್ಟರು, ಕಂಡೆನ್ಸರು, ಒಂಬತ್ತು ವೋಲ್ಟಿನ ಬ್ಯಾಟರಿ ಸೇರಿಸಿ ದನಿಯನ್ನು ಮೊದಲೇ ಹಿಗ್ಗಿಸುವ ಸಣ್ಣದೊಂದು ಪ್ರಿಆಂಪ್ ಕಟ್ಟಿ ಗಿಟಾರಿನ ಗುಂಡಿಗಳ ಹಿಂದಿನ ಪೊಳ್ಳಿನಲ್ಲಿ ಕೂಡಿಸಿದೆ. ಮುಂದಿನ ವಾರ ಅವರು ಬಂದು ನುಡಿಸಿದಾಗ ದನಿ ನಿಜಕ್ಕೂ ದೊಡ್ಡದಾಗಿತ್ತು, ಗುಂಯ್ ಎನ್ನುವುದೂ ಅಷ್ಟೇ ದೊಡ್ಡದಾಗಿತ್ತು. ಮೇಲಾಗಿ ದನಿಯ ಅಂಚು ಮೊಂಡಾಗಿ, ಯಾವ ಸ್ವರ ಎನ್ನುವುದೇ ತಿಳಿಯದಂತಾಗಿತ್ತು. ಪಿಕಪ್ಪಿನಲ್ಲಿ ಹುಟ್ಟುವ ಇಷ್ಟೇ ಇಷ್ಟು ಕರೆಂಟನ್ನು ಟ್ರಾನ್ಸಿಸ್ಟರು ಬಾಗಿಲಲ್ಲೇ ಕುಡಿದುಬಿಡುತ್ತಿತ್ತು.

ಅವರು ತಂತಿಗಳ ಮೇಲೆ ಅಂಗೈಯಿಟ್ಟು ದನಿ ನಿಲ್ಲಿಸಿದರು. ಅಪ್ಪ ಅಂದ. “ದೊಡ್ಡದಾತು ಖರೆ, ಚಲೋ ಆಗಲಿಲ್ಲ. ಬುಡದಾಗ ಇಲ್ಲದ್ದು ತುದಿಗೆ ಎಲ್ಲಿಂದ ಬರಬೇಕವ್ವಾ?”

ನಾನು ಪ್ರಿಆಂಪ್ ಬಿಚ್ಚಿ ಹೊರಗಿಟ್ಟೆ. ಮುಂದೇನು ಮಾಡಬೇಕೆಂದು ತೋಚದೆ, ಆಂಪ್ಲಿಫೈಯರು ಇಲ್ಲದೆ ಸುಮ್ಮನೆ ನುಡಿಸಲು ಅವರಿಗೆ ಹೇಳಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಆಗ ಕಂಡಿತು. ಹಿಂದೆ ಬೆರಳುಗಳಿಂದ ಮೀಟುವಾಗ ಅವರ ಕೈ ಕುದುರೆಯ ಹತ್ತಿರ ಇರುತ್ತಿತ್ತಂತೆ, ಅಲ್ಲಿ ತಂತಿ ಬಿಗಿ. ಈಗ ಹೆಬ್ಬೆರಳು ತಾನಾಗಿಯೇ ಮೇಲೆ ಸರಿದು, ಗಿಟಾರಿನ ಕತ್ತು ಶುರುವಾಗುವ ಕಡೆ ಹೋಗಿ ಕೂತಿತ್ತು. ಅಲ್ಲಿ ತಂತಿ ಮೆತ್ತಗೆ ಬಳುಕುತ್ತದೆ. ತುಸು ತಾಗಿದರೂ ಕಣ್ಣಿಗೆ ಕಾಣುವಷ್ಟು ಅಗಲವಾಗಿ ತೂಗುತ್ತಿತ್ತು. ಕೆಳಗೆ ಕುದುರೆಯ ಹತ್ತಿರ, ಪಿಕಪ್ ಇದ್ದಲ್ಲಿ, ಅದೇ ತಂತಿ ಅಲುಗಿದ್ದೇ ಕಾಣುತ್ತಿರಲಿಲ್ಲ.

ಅಂದರೆ ಅವರ ಕೈ ಹೊಸ ಜಾಗ ಹುಡುಕಿಕೊಂಡಿತ್ತು. ಗಿಟಾರು ಮಾತ್ರ ಹಳೆಯ ಜಾಗದಲ್ಲೇ ಕಿವಿಗೊಟ್ಟು ಕಾಯುತ್ತಿತ್ತು. ಹೆಬ್ಬೆರಳನ್ನು ಬೆರಳಿನಂತೆ ಕೇಳಿಸುವ ಹಂಬಲವನ್ನು ನಾನು ಅಲ್ಲಿಗೆ ಬಿಟ್ಟೆ. ಪಿಕಪ್ಪನ್ನೇ ಹೆಬ್ಬೆರಳಿನ ಹತ್ತಿರಕ್ಕೆ ಒಯ್ಯಬೇಕು. ಆದರೆ ಅಲ್ಲಿ ಗಿಟಾರಿನ ಮೈ ಗಟ್ಟಿ ಕಟ್ಟಿಗೆ.

“ಅಣ್ಣಾರ, ಇದರ ಎದಿ ಕಡೀಬೇಕಾಕ್ಕೇತ್ರಿ” ಎಂದೆ.

ಅವರು ನುಡಿಸುವುದನ್ನು ನಿಲ್ಲಿಸಿದರು. “ಕಡದ್ರ ಮತ್ತ ಮೊದಲಿನಂಗ ಕೂಡಿಸಾಕ ಬರ್ತೈತೇನ್ರಿ?”

“ಇಲ್ರಿ.”

“ಇಂಥಾದ್ದು ಹಿಂದ ಮಾಡೀರೇನ್ರಿ?”

“ಇಲ್ರಿ. ಇದ ಮೊದಲನೇದು.”

ಅಪ್ಪ ಕೆಮ್ಮಿದ. ಅವರು ಗಿಟಾರಿನ ಮೇಲಿದ್ದ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

“ನನಗೂ ಈ ಕೈ ಮೊದಲನೇದ ಐತ್ರಿ. ಕಡೀರಿ” ಎಂದರು.

ಬಾಗಿಲು, ಚೌಕಟ್ಟು ಮಾಡುವ ಬಡಿಗೇರರೊಬ್ಬರು ನಮ್ಮ ಓಣಿಯಲ್ಲಿದ್ದರು. ಎಷ್ಟು ಉದ್ದ, ಎಷ್ಟು ಆಳ ಎಂದು ರಟ್ಟು ಕತ್ತರಿಸಿ ತೋರಿಸಿದೆ. ಅವರು ಉಳಿಯನ್ನು ಮಸೆದು ಮಸೆದು ಕೂದಲು ಬೋಳಿಸುವಷ್ಟು ಹರಿತ ಮಾಡಿಕೊಂಡರು. ಗಿಟಾರಿನ ಕತ್ತನ್ನು ಅದರ ಯಜಮಾನರೇ ತೊಡೆಯ ಮೇಲೆ ಹಿಡಿದುಕೊಂಡು ಕೂತರು. ಮೊದಲ ಚಕ್ಕೆ ಎದ್ದಾಗ ಅವರು ಬೇರೆ ಕಡೆ ನೋಡುತ್ತಾರೆ ಎಂದುಕೊಂಡಿದ್ದೆ. ನೋಡಲಿಲ್ಲ. ಕೊನೆಯ ಚಕ್ಕೆಯವರೆಗೆ ಉಳಿಯ ತುದಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಕುಳಿಯ ಒಳಗೆ ಬಾಯಿಂದ ಊದಿ ಪುಡಿ ತೆಗೆದು, ಗಿಟಾರನ್ನು ನನ್ನ ಕೈಗೆ ಕೊಟ್ಟು ಅಣ್ಣಿಗೇರಿಗೆ ಹೋದರು.

ಈಗ ಪಿಕಪ್. ಗುಂಯ್‌ಗುಡುವುದನ್ನು ಕೊಲ್ಲಬೇಕಾದರೆ ಒಂದರ ಪಕ್ಕ ಒಂದು ಎರಡು ಸುರುಳಿ ಬೇಕು. ಒಂದರಲ್ಲಿ ಬರುವ ಗುಂಯ್ ಇನ್ನೊಂದರಲ್ಲಿ ತಿರುವುಮುರುವಾಗಿ ಬಂದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಇದನ್ನು ನಾನು ಹಳೆಯ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆಯೊಂದರಲ್ಲಿ ಓದಿದ್ದೆ, ಮಾಡಿ ನೋಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಅವರಲ್ಲಿದ್ದ ಎಲ್ಲಕ್ಕಿಂತ ತೆಳು ತಂತಿ ತಂದೆ. ಪ್ರತಿ ಸುರುಳಿಯ ನಡುವೆ ಗಿಟಾರಿನ ತಂತಿಗೊಂದರಂತೆ ನಾಲ್ಕು ಕಬ್ಬಿಣದ ಬೋಲ್ಟು, ಬೋಲ್ಟುಗಳ ಬುಡಕ್ಕೆ ಕಪಾಟಿನ ಬಾಗಿಲನ್ನು ಕಚ್ಚಿ ಹಿಡಿಯುವ ಅಯಸ್ಕಾಂತ. ತಂತಿ ಸುತ್ತುವುದಕ್ಕೆ ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಅವ್ವನ ಹೊಲಿಗೆ ಯಂತ್ರ. ದಾರದ ಬಾಬಿನ್ ತುಂಬುವ ಚಕ್ರಕ್ಕೆ ನನ್ನ ಸುರುಳಿಯ ಚೌಕಟ್ಟನ್ನು ಸಿಕ್ಕಿಸಿದೆ.

ತುಳಿದ ಕೂಡಲೇ ತಂತಿ ಹರಿಯಿತು. ಮತ್ತೆ ಶುರು ಮಾಡಿದೆ. ಅರ್ಧದವರೆಗೆ ಬಂದು ಮತ್ತೆ ಹರಿಯಿತು. ಹರಿದ ತುದಿ ಕಣ್ಣಿಗೇ ಕಾಣುತ್ತಿರಲಿಲ್ಲ, ಬೆರಳಿನಿಂದ ತಡವಿ ಹುಡುಕಬೇಕು. ಅವ್ವ ಬಂದು ನೋಡಿ, “ಜೇಡನ ಬಲಿ ಸುತ್ತಾಕತ್ತೀಯೇನಬೇ?” ಎಂದು ಕೇಳಿ ಒಳಗೆ ಹೋದಳು. ತಂತಿಯನ್ನು ಮಡಚಿದ ಹತ್ತಿ ಬಟ್ಟೆಯ ನಡುವೆ ಹಾಯಿಸಿದೆ, ಸ್ವಲ್ಪ ಮೇಲಾಯಿತು. ಆದರೂ ಕಾಲಿನ ಓಟ ಕೈಗೆ ಹೊಂದುತ್ತಿರಲಿಲ್ಲ. ಮೂರನೆಯ ಸಲ ಹರಿದಾಗ ನಾನು ಯಂತ್ರದ ಮೇಲೆ ತಲೆಯಿಟ್ಟು ಕೂತುಬಿಟ್ಟೆ.

ಅಪ್ಪ ಗೋಡೆ ಹಿಡಿದುಕೊಂಡು ಅಂಗಡಿಯಿಂದ ಒಳಗೆ ಬಂದ. “ಪಟ್ಟಾ ತಗಿ. ನಾ ಕೈಲೆ ತಿರುವತೀನಿ, ನೀ ತಂತಿ ಹಿಡಿ” ಎಂದ.

“ಅಪ್ಪಾ, ನಿನಗ ಕಾಣಂಗಿಲ್ಲ.”

“ನಿನಗರೆ ಕಾಣತೈತೇನು? ಹರಿಯೂ ಮುಂಚೆ ಅದರ ಸಪ್ಪಳಾ ಸಣ್ಣಾಗತೈತಿ. ಅಲ್ಲಿಂದ ಕೇಳಾಕತ್ತೀನಿ ನಾ.”

ಅವನು ಚಕ್ರ ತಿರುವಿದ. ಬಟ್ಟೆಯ ನಡುವೆ ತಂತಿ ಹಾಯುವಾಗ ನಿಜಕ್ಕೂ ಒಂದು ಸಪ್ಪಳ ಇತ್ತು, ರೇಷ್ಮೆ ಸೀರೆಯ ಸೆರಗು ಸರಿದ ಹಾಗೆ. ತಂತಿ ಬಿಗಿಯಾಗತೊಡಗಿದರೆ ಅದು ತೆಳ್ಳಗಾಗಿ ತುಸು ಮೇಲೇರುತ್ತಿತ್ತು, ಅಪ್ಪನ ಕೈ ಅಲ್ಲಿಗೇ ನಿಧಾನವಾಗುತ್ತಿತ್ತು. ಸಡಿಲಾದರೆ ಮತ್ತೆ ಮುಂದಕ್ಕೆ. ಸುತ್ತು ಎಣಿಸುವುದನ್ನು ಬಿಟ್ಟು, ಇಷ್ಟು ಸಾಕೇ ಎಂದು ಆಗಾಗ ಮೀಟರು ಹಚ್ಚಿ ನೋಡಿ ಮುಂದುವರಿದೆವು. ಎರಡು ಮಧ್ಯಾಹ್ನಗಳಲ್ಲಿ ಎರಡು ಸುರುಳಿ ಮುಗಿದವು. ಕಣ್ಣು ಹೋದ ಮೇಲೆ ಅಪ್ಪ ಕೈಯಿಂದ ಮಾಡಿದ ಮೊದಲ ಕೆಲಸ ಅದು. ಆ ಸಂಜೆ ಅವನು ಚಹಾ ಎರಡು ಸಲ ಕೇಳಿ ಕುಡಿದ.

ಸುರುಳಿಗಳು ಒಳಗೇ ಅದುರಿ ಕೀರಲು ಹತ್ತಬಾರದೆಂದು ಕರಗಿದ ಮೇಣದಲ್ಲಿ ಅದ್ದಿ ತೆಗೆದೆ. ಪ್ರಿಆಂಪನ್ನೂ ಹೊಸದಾಗಿ ಕಟ್ಟಿದೆ. ಈ ಸಲ ಮಾಮೂಲಿ ಟ್ರಾನ್ಸಿಸ್ಟರ್ ಬದಲು ಅದರದೇ ಇನ್ನೊಂದು ಜಾತಿಯಾದ ಎಫ್‌ಇಟಿ. ಅದು ಪಿಕಪ್ಪಿನಿಂದ ಏನನ್ನೂ ಕಸಿದುಕೊಳ್ಳದೆ ಬರೀ ನೋಡಿಕೊಂಡೇ ಕೆಲಸ ಮಾಡುತ್ತದೆ. ನನ್ನ ಹತ್ತಿರ ಇರಲಿಲ್ಲ. ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಯವರು ಬೊಂಬಾಯಿಯಿಂದ ತರಿಸಿಕೊಟ್ಟರು. ಬೆಸುಗೆ ಕಡ್ಡಿಯಿಂದ ಚೂರು ಕರೆಂಟು ಸೋರಿದರೂ ಎಫ್‌ಇಟಿ ಸಾಯುತ್ತದೆಂದು, ಕಡ್ಡಿಯನ್ನು ಕಾಯಿಸಿ, ಪ್ಲಗ್ ಕಿತ್ತು, ಅದು ಆರುವುದರೊಳಗೆ ಒಂದೊಂದೇ ಕಾಲನ್ನು ಬೆಸೆದೆ. ಒಂದು ಗುಂಡಿ ತಳದ ದನಿಗೆ, ಒಂದು ಮೇಲಿನ ದನಿಗೆ. ವಾಯರು ಚುಚ್ಚಿದಾಗ ಮಾತ್ರ ಬ್ಯಾಟರಿ ಚಾಲೂ ಆಗುವಂತೆ ಸಾಕೆಟ್ಟಿನಲ್ಲೇ ಜೋಡಿಸಿದೆ. ಹೊರಗಿನ ಗುಂಯ್ ಒಳನುಗ್ಗದಂತೆ ಬಿಸ್ಕೀಟಿನ ಡಬ್ಬಿಯ ತಗಡು ಕತ್ತರಿಸಿ ಕುಳಿಯ ಒಳಗೋಡೆಗೆಲ್ಲ ಹೊದಿಸಿ, ಅದರಿಂದ ಕುದುರೆಗೆ ಒಂದು ಅರ್ಥಿಂಗ್ ವಾಯರು ಎಳೆದು, ಪಿಕಪ್ಪನ್ನು ಕುಳಿಯಲ್ಲಿ ಕೂಡಿಸಿದೆ.

ಅವರು ಬಂದ ದಿನ ಅಂಗಡಿಯ ಎಲ್ಲ ಟ್ಯೂಬ್‌ಲೈಟು ಹಚ್ಚಿ, ಆಂಪ್ಲಿಫೈಯರಿನ ವಾಲ್ಯೂಮು ಪೂರ್ತಿ ಏರಿಸಿದೆ. ಗುಂಯ್ ಇಲ್ಲ. ಬಾವಿಯೊಳಗಿನಂಥ ಶಾಂತಿ. ನನಗೆ ಎದೆ ಉಬ್ಬಿಬಂತು. ಅವರು ಹೆಬ್ಬೆರಳಿನಿಂದ ತಂತಿ ತಾಗಿಸಿದರು.

ಸೊಳ್ಳೆಯ ದನಿ ಬಂತು.

ಮತ್ತೊಂದು ತಂತಿ, ಅದೂ ಹಾಗೇ. ತೆಳ್ಳಗೆ, ಮೂಗಿನಲ್ಲಿ ಮಾತಾಡಿದಂತೆ. ಹಳೆಯ ಪಿಕಪ್ಪೇ ವಾಸಿ ಎನ್ನುವಷ್ಟು. ನವಲಗುಂದದ ಮದುವೆಗೆ ಒಂದೇ ವಾರ ಉಳಿದಿತ್ತು. ಗಿಟಾರಿನ ಎದೆಯಲ್ಲಿ ನಾನು ಮಾಡಿಸಿದ ಕುಳಿಯನ್ನು ಇನ್ನು ಮುಚ್ಚುವಂತಿರಲಿಲ್ಲ.

“ಗುಂಯ್ ಹೋತು. ಅದರ ಕೂಡ ಮನಷ್ಯಾನೂ ಹೋದ” ಎಂದ ಅಪ್ಪ.

ಬೇಸ್ ನುಡಿಸುವವರು ಗಿಟಾರನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು. “ಮುಂದಿನ ಗಾಡಿಗೆ ಇನ್ನೂ ಹೊತ್ತೈತಿ. ನೀವು ನಿಮ್ಮ ಕೆಲಸಾ ಮಾಡ್ರಿ, ನಾ ಇಲ್ಲೇ ಕುಂದರ್ತೀನಿ” ಎಂದು ಬೆಂಚಿನ ಮೇಲೆ ಕೂತರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ. ಇರಲಿಲ್ಲ. ಅವರ ಆ ಕೂರುವಿಕೆಯೇ ನನಗೆ ಆ ಹೊತ್ತಿನಲ್ಲಿ ಬುದ್ಧಿ ಓಡುವಂತೆ ಮಾಡಿತು. ರೇಗಿದ್ದರೆ ನಾನು ಗಾಬರಿಯಲ್ಲಿ ಎಲ್ಲವನ್ನೂ ಕಿತ್ತು ಹಾಕುತ್ತಿದ್ದೆ.

ಗುಂಯ್ ಹೊಡೆದುಕೊಂಡು ಹೋದದ್ದು ಸರಿ. ತಂತಿಯ ದನಿಯೂ ಅದೇ ರೀತಿ ಹೊಡೆದುಕೊಂಡು ಹೋಗುತ್ತಿದೆಯಲ್ಲ, ಯಾಕೆ? ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯೊಂದರಲ್ಲಿ ಸಿಕ್ಕ ಪುಟ್ಟ ದಿಕ್ಸೂಚಿಯನ್ನು ಮೊದಲ ಸುರುಳಿಯ ಬೋಲ್ಟುಗಳ ಮೇಲೆ ಹಿಡಿದೆ. ಮುಳ್ಳಿನ ಕೆಂಪು ತುದಿ ಕೆಳಗೆ ಬಾಗಿತು. ಎರಡನೆಯ ಸುರುಳಿಯ ಮೇಲೆ ಹಿಡಿದೆ. ಅಲ್ಲೂ ಕೆಂಪು ತುದಿಯೇ ಬಾಗಿತು. ಎರಡೂ ಸುರುಳಿಯ ಅಯಸ್ಕಾಂತಗಳನ್ನು ಒಂದೇ ಮುಖ ಮೇಲಾಗಿ ಕೂಡಿಸಿದ್ದೆ. ಸುರುಳಿ ತಿರುವುಮುರುವಾದರೆ ಅಯಸ್ಕಾಂತವೂ ತಿರುವುಮುರುವಾಗಬೇಕು. ಆಗ ಗುಂಯ್ ಮಾತ್ರ ಸಾಯುತ್ತದೆ, ತಂತಿಯ ದನಿ ಎರಡು ಪಾಲಾಗಿ ಕೂಡುತ್ತದೆ. ಒಂದು ಸುರುಳಿಯ ಬುಡ ಬಿಚ್ಚಿ, ಅಯಸ್ಕಾಂತವನ್ನು ಮಗುಚಿ, ಮತ್ತೆ ಮೇಣ ಹಾಕಿ ಕೂಡಿಸಿದೆ.

“ಈಗ ನೋಡ್ರಿ ಅಣ್ಣಾರ.”

ಅವರು ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಸವರಿದರು, ಅಷ್ಟೇ. ಶೋಕೇಸಿನ ಗಾಜು ಝಲ್ ಎಂದಿತು. ದನಿ ನೆಲದಿಂದ ಎದ್ದು ಕುರ್ಚಿಯ ಕಾಲುಗಳಲ್ಲಿ ಏರಿ ಬಂದಂತಾಯಿತು. ದುಂಡಗಿತ್ತು, ಅಂಚು ಸ್ಪಷ್ಟವಾಗಿತ್ತು. ಬೆರಳಿನಿಂದ ಜಗ್ಗಿ ನುಡಿಸಿದಾಗ ಹುಟ್ಟುವ ದನಿ ಅದಾಗಿರಲಿಲ್ಲ. ಅದಕ್ಕಿಂತ ಮೆತ್ತಗಿತ್ತು, ವಯಸ್ಸಾದ ಗಂಡಸು ಸಿಟ್ಟಿಲ್ಲದೆ ಮಾತಾಡಿದಂತೆ ಇತ್ತು. ಅವರು ಇನ್ನೊಮ್ಮೆ ಸವರಿದರು, ಆಮೇಲೆ ಗಾಡಿ ಬಂದು ಹೋದರೂ ನುಡಿಸುತ್ತಲೇ ಇದ್ದರು.

ನವಲಗುಂದದ ಮದುವೆಗೆ ಅಪ್ಪನೂ ನಾನೂ ಬರಲೇಬೇಕೆಂದರು. ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ನವಲಗುಂದಕ್ಕೆ ಹೋದೆವು. ಗಂಡಿನ ಮನೆಯ ಮುಂದೆ ಪೆಂಡಾಲು, ಹಲಗೆಯ ಸ್ಟೇಜು, ಸ್ಟೇಜಿನ ಮುಂದೆ ಹಿರಿಯರಿಗೆಂದು ಆ ಊರಲ್ಲೇ ನೇಯ್ದ ಜಮಖಾನೆ ಹಾಸಿದ್ದರು. ಅಕ್ಷತೆ ಮುಗಿದು ಊಟದ ಪಂಕ್ತಿಗಳು ನಡೆದಿದ್ದವು. ಸ್ಟೇಜಿನ ಮೇಲೆ ಹಗಲಿನಲ್ಲೂ ಸಾಲು ಸಾಲು ಟ್ಯೂಬ್‌ಲೈಟು. ಕೀಬೋರ್ಡ್ ಸಜ್ಜಾಗಿ ನಿಂತಿತ್ತು. ಆರ್ಕೆಸ್ಟ್ರಾದ ಮಾಲೀಕರು ನಮ್ಮನ್ನು ನೋಡಿ ಕೈಮುಗಿದರು. “ಗುಂಯ್ ಅಂದ್ರ ಅರ್ಧಕ್ಕ ಬಂದ್ ಮಾಡಸ್ತೀನ್ರಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಲಗ್ನದ ಮನಿ” ಎಂದು ಮೊದಲೇ ಹೇಳಿದರು. ಅವರ ಮಾತು ನ್ಯಾಯವಾಗಿತ್ತು.

ಮೊದಲ ಹಾಡಿಗೆ ಕೀಬೋರ್ಡಿನ ಎಡಗೈಯೂ ಬೇಸ್ ಒತ್ತುತ್ತಿತ್ತು, ಗಿಟಾರೂ ನುಡಿಯುತ್ತಿತ್ತು. ಎರಡೂ ಸೇರಿ ರಾಡಿಯಾಯಿತು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದೆ. ಎರಡನೆಯ ಹಾಡು ಶುರುವಾಗಿ ಒಂದು ಚರಣ ಮುಗಿದಿತ್ತು. ಸ್ಟೇಜಿನ ಬದಿಯಲ್ಲಿ ನಿಂತಿದ್ದ ಮಾಲೀಕರು ಕೀಬೋರ್ಡಿನವನ ಕಡೆ ತಿರುಗಿ, ತಮ್ಮ ಎಡಗೈಯನ್ನು ಮೇಲಕ್ಕೆತ್ತಿ ತೋರಿಸಿದರು. ಕೈ ತಗಿ, ಎಂದು. ಕೀಬೋರ್ಡಿನವನು ಎಡಗೈ ತೆಗೆದ. ಹಾಡಿನ ತಳದಲ್ಲಿ ಬರೀ ಆ ಹೆಬ್ಬೆರಳು ಉಳಿಯಿತು. ಹಾಡು ಹಗುರಾಗಿ ನಡೆಯತೊಡಗಿತು.

ಅಪ್ಪ ಜಮಖಾನೆಯಿಂದ ಮುಂದಕ್ಕೆ ಸರಿದು ಸ್ಟೇಜಿನ ಹಲಗೆಯ ಮೇಲೆ ಅಂಗೈ ಇಟ್ಟ. ಹಾಗೇ ಬಹಳ ಹೊತ್ತು ಇಟ್ಟುಕೊಂಡಿದ್ದ. “ಬಂತವ್ವಾ” ಎಂದ.

ಕಾರ್ಯಕ್ರಮ ಮುಗಿದ ಮೇಲೆ ಮಾಲೀಕರು ನಮ್ಮ ಹತ್ತಿರ ಬಂದು, “ಜಾಗಾ ಅವರದ ಐತ್ರಿ. ಪೆಟ್ಟಿಗಿ ಪಿಟೀಲಿನ ದನಿಗೆ ಇರಲಿ ಬಿಡ್ರಿ” ಎಂದರು. ತಮ್ಮ ಆಂಪ್ಲಿಫೈಯರುಗಳನ್ನು ಇನ್ನು ಮೇಲೆ ಕುಂದಗೋಳಕ್ಕೇ ಕಳಿಸುವುದಾಗಿ ಹೇಳಿದರು, ಕಳಿಸಿದರು ಕೂಡ. ಆ ಕೆಲಸದಿಂದ ನಮ್ಮ ಅಂಗಡಿ ಬಹಳ ಕಾಲ ಬದುಕಿತು. ಅದಕ್ಕೂ ಮೊದಲು ನನಗೆ ನೆನಪಾಗುವುದು ‘ಕಡೀರಿ’ ಎಂಬ ಆ ಒಂದು ಮಾತು. ಒಮ್ಮೆಯೂ ಮಾಡಿರದ ಕೆಲಸಕ್ಕೆ ತಮ್ಮ ಒಂದೇ ಗಿಟಾರನ್ನು ಒಡ್ಡಿ, ಕೆಟ್ಟಾಗಲೂ ಬೆಂಚಿನ ಮೇಲೆ ಸುಮ್ಮನೆ ಕೂತವರು ಅವರು. ನನಗೆ ನನ್ನ ಕೈಯ ಮೇಲೆ ನಂಬಿಕೆ ಬಂದದ್ದು ಅವರಿಗೆ ನನ್ನ ಮೇಲೆ ಬಂದ ಮೇಲೆಯೇ.

ಮಳೆಗಾಲದಲ್ಲಿ, ಮದುವೆಗಳೆಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ ಅವರು ಚೀಲ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತರು. ಕೌಂಟರಿನ ಮೇಲೆ ಜಾಗ ಮಾಡುತ್ತ, “ಏನಾತ್ರಿ ಅಣ್ಣಾರ? ಬ್ಯಾಟರೀನೋ, ವಾಯರೋ?” ಎಂದು ಕೇಳಿದೆ.

“ಏನೂ ಆಗಿಲ್ರಿ. ನವಲಗುಂದದಾಗ ಗದ್ದಲದಾಗ ನಿಮ್ಮ ಅಪ್ಪಾರಿಗೆ ಪೂರಾ ಕೇಳಿಸಿತೋ ಇಲ್ಲೋ ಅನ್ನಸ್ತು. ಸುಮ್ಮ ಬಾರಿಸಿ ಹೋಗೂಣು ಅಂತ ಬಂದೆ.”

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವರು ಷಡ್ಜ ಪಂಚಮ ಎರಡನ್ನೇ ತಂಬೂರಿಯಂತೆ ನಿಧಾನಕ್ಕೆ ಮೀಟತೊಡಗಿದರು, ಅಪ್ಪ ಅದರ ಮೇಲೆ ಬಾಯೊಳಗೇ ಏನನ್ನೋ ಗುನುಗಿದ. ನಾನು ಬೆಸುಗೆ ಕಡ್ಡಿಯ ಪ್ಲಗ್ ಕಿತ್ತಿಟ್ಟು ಸ್ಟೂಲಿನ ಮೇಲೆ ಕೂತೆ. ಅಷ್ಟು ವರ್ಷಗಳ ನಮ್ಮ ಅಂಗಡಿಗೆ ಕೆಟ್ಟಿರದ ವಸ್ತುವೊಂದನ್ನು ತಂದವರು ಅವರೊಬ್ಬರೇ.